ನಾಂದಿ ತಪ್ಪಿಸಿಕೊಳ್ಳಬೇಡಿ
ಕೊಪ್ಪಳದ ಗವಿಮಠ ಜಾತ್ರೆಯಲ್ಲಿ ಕಂಪನಿ ನಾಟಕಕ್ಕೆ ಹೋದರೆ ಹತ್ತು ನಿಮಿಷ ಮೊದಲೇ ಕುಳಿತುಬಿಡಿ, ಗೆಳೆಯರೇ. ನನಗೆ ನಾಟಕಕ್ಕಿಂತ ನಾಂದಿಯೇ ಇಷ್ಟ. ಬ್ರಾಡ್‌ವೇ ಸಂಗೀತ ನಾಟಕದ ಓವರ್ಚರ್ ಮುಂದೆ ಬರುವ ಹಾಡುಗಳ ರುಚಿ ತೋರಿಸುತ್ತದೆ. ನಮ್ಮ ನಾಂದಿ ಪ್ರಾರ್ಥನೆ. ಕಾಲ್ಪೇಟಿ ಶ್ರುತಿ ಹಿಡಿಯುತ್ತದೆ, ತಬಲಾ ಲಯ ಕೊಡುತ್ತದೆ, ಕಲಾವಿದರ ಕಂಠ ತೆರೆಯುತ್ತದೆ, ಗದ್ದಲದ ಟೆಂಟು ಸುಮ್ಮನಾಗುತ್ತದೆ.

ಅದು ಅನ್ನದ ದಾರಿಯೂ ಹೌದು. ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುತ್ತಾರೆ. ಸ್ವತಃ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (1914–2010) ಆಶ್ರಮ ನಡೆಸಲು ನಾಟಕ ಕಂಪನಿಯನ್ನೇ ಕಟ್ಟಿದರು.

ಈಗ ಕೆಲವೆಡೆ ನಾಂದಿಗೂ ಪೆನ್‌ಡ್ರೈವ್ ಸಾಕು. ಆದರೆ ನಟನ ಉಸಿರು ತಪ್ಪಿದರೆ ಪೆನ್‌ಡ್ರೈವ್ ಕಾಯುವುದಿಲ್ಲ, ಪೇಟಿ ಮಾಸ್ತರರು ಕಾಯುತ್ತಾರೆ. ಅವರ ಕೆಲಸ ಉಳಿಯಬೇಕಾದರೆ ಮೊದಲ ಚಪ್ಪಾಳೆ ನಾಂದಿಗೇ ಬೀಳಲಿ.