ಆರು ತಿಂಗಳ ಗುಳಿಗೆಯ ಲೆಕ್ಕ

ಜ್ವರಕ್ಕೆ ಮೂರು ದಿನ ಗುಳಿಗೆ, ಗಂಟಲು ನೋವಿಗೆ ಐದು ದಿನ. ಕ್ಷಯಕ್ಕೆ ಮಾತ್ರ ಆರು ತಿಂಗಳು ಯಾಕೆ? ಲಿಂಗಸುಗೂರಿನ ನಮ್ಮ ಓಣಿಯ ಮಕ್ಕಳು ನನ್ನನ್ನು ಕೇಳಿದ ಪ್ರಶ್ನೆ ಇದು. ಬ್ಯಾಂಕಿನಲ್ಲಿ ಅಂಕಿಗಳ ನಡುವೆಯೇ ಆಯುಷ್ಯ ಕಳೆದವನಿಗೆ ಇಂಥ ಪ್ರಶ್ನೆ ಬಿಡಲಾಗುವುದಿಲ್ಲ. ಓದುತ್ತ ಹೋದಂತೆ ಈ ಆರರ ಹಿಂದೆ ದೊಡ್ಡ ಕಥೆಯೇ ಇದೆ ಎಂದು ತಿಳಿಯಿತು.

ಮದ್ದಿಲ್ಲದ ಕಾಲ

ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಆದರೆ ಕಳ್ಳನ ಗುರುತು ಸಿಕ್ಕರೂ ಹಿಡಿಯುವ ಉಪಾಯ ಸಿಗಲು ಇನ್ನೂ ಅರವತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಒಳ್ಳೆಯ ಗಾಳಿ, ಊಟ, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ಈ ರೋಗ ಅರಮನೆಯನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಮೈಸೂರಿನ ಕ್ಷಯರೋಗ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲಿದೆ.

1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ತರುಣ, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದನ್ನು ಕಂಡುಹಿಡಿದರು. ಬ್ರಿಟನ್ನಿನಲ್ಲಿ ಅದು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಆದ್ದರಿಂದ 107 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 55 ಜನರಿಗೆ ಮದ್ದು ಮತ್ತು ವಿಶ್ರಾಂತಿ, 52 ಜನರಿಗೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಮದ್ದು ಪಡೆದವರಲ್ಲಿ ತೀರಿಕೊಂಡವರು 4, ಪಡೆಯದವರಲ್ಲಿ 14. ಮದ್ದು ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕೆ?

ಸಂತೋಷ ಬಹಳ ದಿನ ಉಳಿಯಲಿಲ್ಲ. ಅನೇಕರ ಎದೆಯೊಳಗಿನ ರೋಗಾಣುಗಳು ಆ ಮದ್ದಿಗೆ ಬಗ್ಗದಂತಾದವು. ಐದು ವರ್ಷಗಳಲ್ಲಿ ಎರಡು ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಆಗ ಕಲಿತ ಪಾಠ ಇದು: ಕ್ಷಯಕ್ಕೆ ಒಂದೇ ಮದ್ದು ಸಾಲದು, ಒಟ್ಟಿಗೆ ಎರಡು ಮೂರು ಬೇಕು. 1952ರಲ್ಲಿ ಅಗ್ಗದ ಐಸೋನಿಯಾಜಿಡ್ ಬಂತು. ಆದರೂ ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷ ಮದ್ದು ತೆಗೆದುಕೊಳ್ಳಬೇಕಿತ್ತು.

ಮನೆಯೇ ಆಸ್ಪತ್ರೆ

ಅಷ್ಟು ದಿನ ಆಸ್ಪತ್ರೆಯಲ್ಲಿ ಮಲಗಿದರೆ ದುಡಿಯುವವರು ಯಾರು? 1956ರಲ್ಲಿ ಮದರಾಸಿನಲ್ಲಿ ವ್ಯಾಲೇಸ್ ಫಾಕ್ಸ್ ಎಂಬ ವೈದ್ಯರ ನೇತೃತ್ವದಲ್ಲಿ ಒಂದು ಪರೀಕ್ಷೆ ನಡೆಯಿತು. ಬಡ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆಸ್ಪತ್ರೆಯಲ್ಲಿ, ಉಳಿದವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲಿಯೇ ಒಂದು ವರ್ಷ ಮದ್ದು ಕೊಟ್ಟರು. ಮನೆಯ ಊಟ ಆಸ್ಪತ್ರೆಯ ಊಟಕ್ಕಿಂತ ಬಡವಾಗಿತ್ತು. ಆದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಮಂದಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. ಇವತ್ತು ರೋಗಿ ಮನೆಯಲ್ಲಿದ್ದುಕೊಂಡೇ ಗುಳಿಗೆ ನುಂಗಲು ಸಾಧ್ಯವಾಗಿರುವುದಕ್ಕೆ ಆ ಮದರಾಸಿನ ಬಡವರಿಗೆ ಜಗತ್ತೇ ಋಣಿ.

ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅದರ ತಜ್ಞರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ರೋಗದ ಲಕ್ಷಣವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದಾಗಲೇ ದವಾಖಾನೆಗೆ ಹೋಗಿಬಂದಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂಬ ಮಾತು ಸುಳ್ಳಾಯಿತು. ಕಫ ಪರೀಕ್ಷೆ, ಗುಳಿಗೆ ಎರಡೂ ಸಾಮಾನ್ಯ ದವಾಖಾನೆಯಲ್ಲೇ ಸಿಗಬೇಕು ಎಂಬ ಕಾರ್ಯಕ್ರಮ ಹೀಗೆ ರೂಪುಗೊಂಡಿತು.

1970ರ ದಶಕದಲ್ಲಿ ರಿಫಾಂಪಿಸಿನ್, ಪೈರಾಜಿನಮೈಡ್ ಸೇರಿಸಿ ಆಫ್ರಿಕಾದಲ್ಲೂ ಬೇರೆಡೆಯೂ ಪರೀಕ್ಷೆಗಳು ನಡೆದವು. ಹದಿನೆಂಟು ತಿಂಗಳು ಆರಕ್ಕೆ ಇಳಿಯಿತು. ಮಕ್ಕಳೇ, ನಿಮ್ಮ ಆರು ಬಂದದ್ದು ಹೀಗೆ.

ಎರಡೇ ತಿಂಗಳಿಗೆ ಬಿಟ್ಟರೆ?

ಹೊಲದಲ್ಲಿ ಕರಿಕೆಯನ್ನು ಮೇಲೆ ಮೇಲೆ ಕೊಯ್ದರೆ ಹೊಲ ಸ್ವಚ್ಛವಾದಂತೆ ಕಾಣುತ್ತದೆ. ಬೇರು ಉಳಿದರೆ ಒಂದು ಮಳೆ ಸಾಕು, ಮತ್ತೆ ಹಬ್ಬುತ್ತದೆ. ಕ್ಷಯವೂ ಹಾಗೆಯೇ. ಚುರುಕಾಗಿ ಬೆಳೆಯುವ ರೋಗಾಣುಗಳು ಮೊದಲ ವಾರಗಳಲ್ಲೇ ಸಾಯುತ್ತವೆ. ಕೆಮ್ಮು ನಿಲ್ಲುತ್ತದೆ, ಹಸಿವಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಆದರೆ ನಿದ್ದೆ ಹೋದಂತೆ ಅಡಗಿರುವ ಕೆಲವು ಒಳಗೇ ಇರುತ್ತವೆ. ಉಳಿದ ತಿಂಗಳುಗಳ ಗುಳಿಗೆ ಅವುಗಳಿಗಾಗಿ.

ನಡುವೆ ಬಿಟ್ಟರೆ ರೋಗ ಮರಳಬಹುದು, ಮದ್ದಿಗೆ ಬಗ್ಗದ ರೋಗವೂ ಆಗಬಹುದು. ಅಂಥ ಕ್ಷಯಕ್ಕೆ ಒಂದೂವರೆ ವರ್ಷಕ್ಕೂ ಹೆಚ್ಚು ಚಿಕಿತ್ಸೆ ಬೇಕಾಗುತ್ತಿತ್ತು. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಡಾಕ್ವಿಲಿನ್ ಮತ್ತು ಇತರ ಮೂರು ಮದ್ದು ಸೇರಿದ ಆರು ತಿಂಗಳ ಚಿಕಿತ್ಸೆಗೆ 2024ರಲ್ಲಿ ನಮ್ಮ ಸರ್ಕಾರವೂ ಅನುಮತಿ ಕೊಟ್ಟಿತು. ಇಂಥ ಮದ್ದುಗಳು ಅಪರೂಪಕ್ಕೆ ಸಿಗುವಂಥವು. ಅರ್ಧಕ್ಕೆ ಬಿಟ್ಟು ಅವುಗಳನ್ನೂ ಕೆಡಿಸಬಾರದು.

ನಮ್ಮ ಭಾಗದಲ್ಲಿ ಗುಳೆ ಹೋಗುವವರು ಬಹಳ. ಗುಳಿಗೆ ತಪ್ಪುವುದಕ್ಕೆ ಅದೂ ಒಂದು ಕಾರಣ. ಊರು ಬಿಡುವ ಮೊದಲು ದವಾಖಾನೆಗೆ ತಿಳಿಸಿದರೆ, ಖಾತೆಯನ್ನು ಬೇರೆ ಶಾಖೆಗೆ ವರ್ಗ ಮಾಡಿದಂತೆ, ಹೋದ ಊರಿನ ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಸಿಗುವಂತೆ ಮಾಡುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಇದೆ. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದ ಎದೆಗೆ ಕ್ಷಯದ ಅಪಾಯ ಹೆಚ್ಚು. ಗಣಿ, ಕಲ್ಲುಕ್ವಾರಿಯಲ್ಲಿ ದುಡಿದವರು ಕೆಮ್ಮನ್ನು ಕಡೆಗಣಿಸಬಾರದು.

ಊಟವೂ ಮದ್ದೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಭಾರ್ಗವ ದಂಪತಿ ಜಾರ್ಖಂಡಿನಲ್ಲಿ ರೋಗಿಗಳ ಮನೆಮಂದಿಗೆ ಅಕ್ಕಿ, ಬೇಳೆ ಕೊಟ್ಟು ಅಧ್ಯಯನ ನಡೆಸಿದರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯಲ್ಲಿರುವವರ ಊಟಕ್ಕೆಂದು ಸರ್ಕಾರ ಈಗ ತಿಂಗಳಿಗೆ 1000 ರೂಪಾಯಿ ಖಾತೆಗೇ ಹಾಕುತ್ತದೆ.

ಅಜ್ಜ ಅಜ್ಜಿಯರೇ, ಕ್ಷಯ ಗಾಳಿಯಲ್ಲಿ ಹರಡುತ್ತದೆ, ತಟ್ಟೆ ಲೋಟದಿಂದಲ್ಲ. ರೋಗಿಯ ತಟ್ಟೆ ಬೇರೆ ಇಡುವ ಬದಲು ಕಿಟಕಿ ತೆರೆದಿಡಿ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಉಚಿತ, ಗುಳಿಗೆಯೂ ಉಚಿತ. ಗುಳಿಗೆ ನುಂಗಿದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಮಕ್ಕಳೇ, ನಿಮಗೊಂದು ಕೆಲಸ. ಮನೆಯಲ್ಲಿ ಯಾರಾದರೂ ಈ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ನುಂಗಿದ ದಿನಕ್ಕೊಂದು ಗೀಟನ್ನು ಕ್ಯಾಲೆಂಡರಿನಲ್ಲಿ ಎಳೆಯಿರಿ. ಯಾವ ದಿನವೂ ಗೀಟು ತಪ್ಪದಂತೆ, ವೈದ್ಯರು ಸಾಕು ಅನ್ನುವವರೆಗೆ ನೋಡಿಕೊಳ್ಳಿ.