ಬೆಲೆ ಮತ್ತು ಬಾಳಿಕೆ

ಪೇಟೆಯಲ್ಲಿ ಒಂದೇ ಕೆಲಸಕ್ಕೆ ಬರುವ ಎರಡು ವಸ್ತುಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದರ ಬೆಲೆ ನೂರು ರೂಪಾಯಿ, ಇನ್ನೊಂದರದು ಇನ್ನೂರು. ಯಾವುದನ್ನು ಕೊಳ್ಳಬೇಕು? ಕಡಮೆ ಬೆಲೆಯದನ್ನು ಕೊಂಡು ಹಣ ಉಳಿಸಿದೆವೆಂದು ಕೆಲವರು ಸಂತೋಷಪಡುತ್ತಾರೆ. ದುಬಾರಿಯಾದುದೇ ಉತ್ತಮವೆಂದು ನಂಬಿ ಮತ್ತೆ ಕೆಲವರು ಕೈ ಸಡಿಲ ಬಿಡುತ್ತಾರೆ. ಇಬ್ಬರೂ ಲೆಕ್ಕ ಹಾಕದೆ ನಿರ್ಣಯಕ್ಕೆ ಬಂದವರೇ. ಅಗ್ಗವೆಂದು ಮುಗ್ಗಿದ ಜೋಳವನ್ನು ಕೊಂಡವನನ್ನು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದರು. ಆದರೆ ಬೆಲೆ ಹೆಚ್ಚಾದ ಮಾತ್ರಕ್ಕೆ ಜೋಳ ಗಟ್ಟಿಯಾಗುವುದಿಲ್ಲವೆಂಬುದೂ ಅಷ್ಟೇ ನಿಜ. ಒಂದು ವಸ್ತು ಏಕೆ ಬಾಳುತ್ತದೆ, ಏಕೆ ಕೆಡುತ್ತದೆ ಎಂಬುದು ಪದಾರ್ಥವಿಜ್ಞಾನದ ಪ್ರಶ್ನೆ. ಅದನ್ನು ಸ್ವಲ್ಪ ವಿಚಾರಿಸಿದರೆ ಯಾವಾಗ ಹೆಚ್ಚು ಹಣ ತೆರುವುದು ಲಾಭಕರ, ಯಾವಾಗ ಅಲ್ಲ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಈ ವಿಚಾರಕ್ಕೆ ಬೆಂಗಳೂರಿನ ಪಶ್ಚಿಮ ಭಾಗದ ಮಹಾಲಕ್ಷ್ಮಿ ಲೇಔಟಿಗಿಂತ ಅನುಕೂಲವಾದ ಸ್ಥಳ ಮತ್ತೊಂದಿಲ್ಲ. ೨೦೧೪ರ ಮಾರ್ಚಿಯಲ್ಲಿ ಇಲ್ಲಿ ಮೆಟ್ರೋ ರೈಲು ಓಡಲಾರಂಭಿಸಿತು. ಮಹಾಲಕ್ಷ್ಮಿ ನಿಲ್ದಾಣದಿಂದ ಯಶವಂತಪುರದ ಕಡೆಗೆ ಹೊರಟರೆ ಮುಂದಿನ ನಿಲ್ದಾಣದ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಅಲ್ಲಿಗೆ ದೂರವಲ್ಲದ ಹಳೆಯ ತುಮಕೂರು ರಸ್ತೆಯಲ್ಲಿ, ಮಲ್ಲೇಶ್ವರದ ಅಂಚಿನಲ್ಲಿ, ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಲ್ಯಾಂಪ್ ವರ್ಕ್ಸ್ ಎಂಬ ವಿದ್ಯುದ್ದೀಪಗಳ ಕಾರ್ಖಾನೆಯಿತ್ತು. ಇನ್ನೂ ಉತ್ತರಕ್ಕೆ ಸಾಗಿದರೆ ಜಾಲಹಳ್ಳಿ, ಎಚ್‌.ಎಂ.ಟಿ. ಕೈಗಡಿಯಾರಗಳು ಹುಟ್ಟಿದ ಊರು. ಸಾಬೂನು, ದೀಪ, ಗಡಿಯಾರ ಈ ಮೂರೂ ಬಾಳಿಕೆಯ ವಿಷಯದಲ್ಲಿ ನಮಗೆ ಮೂರು ಬೇರೆ ಬೇರೆ ಪಾಠಗಳನ್ನು ಹೇಳುತ್ತವೆ.

ಸಾಬೂನಿನಲ್ಲಿ ನಾವು ಕೊಳ್ಳುವುದೇನನ್ನು?

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧಕ್ಕೆ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಅದುವರೆಗೆ ಮರ ಇಲ್ಲಿಂದ ಹೋಗಿ, ಎಣ್ಣೆ ಜರ್ಮನಿಯಲ್ಲಿ ಭಟ್ಟಿಯಿಳಿಯುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲಿಯೇ ತೆಗೆಯಲು ಏರ್ಪಾಡು ಮಾಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ನೆರವಾದರು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತಯಾರಾಯಿತು. ಎಸ್‌.ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದರು. ಹೀಗೆ ಹುಟ್ಟಿದ ಮೈಸೂರು ಸ್ಯಾಂಡಲ್ ಸೋಪು ಒಂದು ಶತಮಾನವನ್ನು ದಾಟಿ ಇಂದಿಗೂ ಬಳಕೆಯಲ್ಲಿದೆ. ಅದನ್ನು ತಯಾರಿಸುವ ಸರ್ಕಾರಿ ಉದ್ಯಮ ೧೯೮೦ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಕಂಪನಿಯಾಯಿತು.

ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾದೊಡನೆ ಕುದಿಸಿದರೆ ಸಾಬೂನೂ ಗ್ಲಿಸರಿನ್ನೂ ಉಂಟಾಗುತ್ತವೆ. ಸಾಬೂನಿನ ಅಣುವಿನ ಒಂದು ತುದಿಗೆ ನೀರಿನಲ್ಲಿ ಒಲವು. ಕೊಬ್ಬಿನಿಂದ ಬಂದ ಉದ್ದನೆಯ ಬಾಲಕ್ಕೆ ಜಿಡ್ಡಿನಲ್ಲಿ ಒಲವು. ಕೊಳೆಯನ್ನು ಬಿಡಿಸುವುದು ಈ ಜೋಡಿಯ ಕೆಲಸ. ಆದುದರಿಂದ ಬಿಲ್ಲೆಯಲ್ಲಿ ಕೊಬ್ಬಿನಾಮ್ಲದ ಅಂಶ ಎಷ್ಟಿದೆಯೋ ನಾವು ಕೊಳ್ಳುವ ನಿಜವಾದ ಸಾಬೂನು ಅದಕ್ಕೆ ಅನುಗುಣವಾಗಿರುತ್ತದೆ. ಉಳಿದುದು ನೀರು, ಸುಗಂಧ, ಬಣ್ಣ ಮತ್ತು ಟಾಲ್ಕ್‌ನಂತಹ ತುಂಬುಪದಾರ್ಥ. ಹೊದಿಕೆಯ ಮೇಲೆ ಟಿ.ಎಫ್‌.ಎಂ. ಎಂದು ಅಚ್ಚಾಗಿರುವ ಅಂಕಿ ಈ ಒಟ್ಟು ಕೊಬ್ಬಿನಂಶವನ್ನೇ ಸೂಚಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಸ್ನಾನದ ಸಾಬೂನಿನ ಮೊದಲನೆಯ ದರ್ಜೆಗೆ ಇದು ಶೇಕಡ ೭೬ಕ್ಕೆ ಕಡಮೆಯಿರಬಾರದು. ಎರಡನೆಯ ದರ್ಜೆಗೆ ೭೦, ಮೂರನೆಯದಕ್ಕೆ ೬೦. 'ಬಾತಿಂಗ್ ಬಾರ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಬಿಲ್ಲೆಗಳಿಗೆ ಶೇಕಡ ೪೦ ಇದ್ದರೆ ಸಾಕು.

ಈಗ ಲೆಕ್ಕ ಸುಲಭ. ನೂರು ಗ್ರಾಂ ತೂಕದ ಎರಡು ಬಿಲ್ಲೆಗಳಲ್ಲಿ ಒಂದಕ್ಕೆ ಶೇಕಡ ೬೦ ಕೊಬ್ಬಿನಂಶ, ಮೂವತ್ತು ರೂಪಾಯಿ ಬೆಲೆ. ಇನ್ನೊಂದಕ್ಕೆ ಶೇಕಡ ೭೬, ಮೂವತ್ತೆಂಟು ರೂಪಾಯಿ ಎಂದು ಭಾವಿಸೋಣ. ಎರಡರಲ್ಲಿಯೂ ಒಂದು ಗ್ರಾಂ ಕೊಬ್ಬಿನಂಶಕ್ಕೆ ಬೀಳುವ ಬೆಲೆ ಐವತ್ತು ಪೈಸೆಯೇ. ಕಣ್ಣಿಗೆ ದುಬಾರಿಯೆಂದು ಕಂಡುದು ವಾಸ್ತವವಾಗಿ ದುಬಾರಿಯಲ್ಲ. ಚೆನ್ನಾಗಿ ಅರೆದು ಒತ್ತಿದ, ತೇವ ಕಡಮೆಯಿರುವ ಬಿಲ್ಲೆ ಗಟ್ಟಿಯಾಗಿದ್ದು ನಿಧಾನವಾಗಿ ಸವೆಯುವುದರಿಂದ ಲಾಭ ಇನ್ನೂ ಹೆಚ್ಚು. ಆದರೆ ಅದೇ ಬಿಲ್ಲೆ ಎಪ್ಪತ್ತು ರೂಪಾಯಿಗೆ ಮಾರಾಟವಾದರೆ? ಆಗ ಮಿಕ್ಕ ಹಣವನ್ನು ನಾವು ಪರಿಮಳಕ್ಕೋ ಹೆಸರಿಗೋ ಕೊಡುತ್ತಿದ್ದೇವೆ. ಕೊಡಬಾರದೆಂದಲ್ಲ, ಯಾವುದಕ್ಕೆ ಕೊಡುತ್ತಿದ್ದೇವೆಂಬುದನ್ನು ತಿಳಿದು ಕೊಡಬೇಕು. ಎಷ್ಟೇ ಉತ್ತಮವಾದ ಸಾಬೂನನ್ನಾದರೂ ನೀರು ನಿಂತ ತಟ್ಟೆಯಲ್ಲಿ ಬಿಟ್ಟರೆ ಅದು ಕರಗಿ ಹೋಗುತ್ತದೆಂಬುದನ್ನೂ ಮರೆಯಬಾರದು. ಬಾಳಿಕೆಯಲ್ಲಿ ಒಂದು ಪಾಲು ತಯಾರಿಸಿದವನದು, ಒಂದು ಪಾಲು ಬಳಸುವವನದು.

ದೀರ್ಘಾಯುಷ್ಯವೊಂದೇ ಗುಣವಲ್ಲ

ಹೆಚ್ಚು ಕಾಲ ಬಾಳುವುದೇ ಶ್ರೇಷ್ಠವೆಂದು ತೀರ್ಮಾನಿಸುವ ಮುನ್ನ ದೀಪದ ಕಥೆಯನ್ನು ಕೇಳಬೇಕು. ಮೈಸೂರು ಲ್ಯಾಂಪಿನಂತಹ ಕಾರ್ಖಾನೆಗಳು ಬಹುಕಾಲ ತಯಾರಿಸುತ್ತಿದ್ದ ಬಲ್ಬಿನೊಳಗೆ ಟಂಗ್‌ಸ್ಟನ್ ಲೋಹದ ತೆಳುವಾದ ತಂತಿಯಿರುತ್ತದೆ. ವಿದ್ಯುತ್ತು ಹರಿದಾಗ ಅದು ಸುಮಾರು ೨,೫೦೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯ್ದು ಬೆಳಗುತ್ತದೆ. ಆ ಶಾಖದಲ್ಲಿ ಲೋಹದ ಪರಮಾಣುಗಳು ಸ್ವಲ್ಪಸ್ವಲ್ಪವಾಗಿ ಆವಿಯಾಗುತ್ತವೆ. ಹಳೆಯ ಬಲ್ಬಿನ ಗಾಜು ಒಳಗಡೆ ಕಪ್ಪಾಗುವುದಕ್ಕೆ ಇದೇ ಕಾರಣ. ತಂತಿ ಎಲ್ಲಿ ಹೆಚ್ಚು ತೆಳುವಾಯಿತೋ ಅಲ್ಲಿ ಒಂದು ದಿನ ತುಂಡಾಗುತ್ತದೆ.

ತಂತಿಯನ್ನು ಕಡಮೆ ಕಾಯಿಸಿದರೆ ಬಲ್ಬು ಬಹುಕಾಲ ಬಾಳುವುದಿಲ್ಲವೆ? ಖಂಡಿತವಾಗಿ ಬಾಳುತ್ತದೆ. ವೋಲ್ಟೇಜನ್ನು ಶೇಕಡ ಐದರಷ್ಟು ತಗ್ಗಿಸಿದರೆ ಆಯುಷ್ಯ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಆದರೆ ಬೆಳಕು ಶೇಕಡ ೧೬ರಷ್ಟು ಕುಗ್ಗುತ್ತದೆ; ವಿದ್ಯುತ್ತಿನ ಖರ್ಚು ಕುಗ್ಗುವುದು ಶೇಕಡ ಎಂಟರಷ್ಟು ಮಾತ್ರ. ಅಂದರೆ ಅಷ್ಟೇ ಬೆಳಕಿಗೆ ಹೆಚ್ಚು ವಿದ್ಯುತ್ತು ಸುಡಬೇಕಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ ೧೯೦೧ರಿಂದ ಉರಿಯುತ್ತಿರುವ ಬಲ್ಬೊಂದು ಲೋಕಪ್ರಸಿದ್ಧವಾಗಿದೆ. ಅದು ನೀಡುವ ಬೆಳಕಾದರೋ ರಾತ್ರಿ ಮಿನುಗುವ ಪುಟ್ಟ ದೀಪದಷ್ಟು. ಅದರ ಕೆಳಗೆ ಕುಳಿತು ಯಾವ ವಿದ್ಯಾರ್ಥಿಯೂ ಓದಲಾರನು.

ಇದರ ಅರ್ಥ ತಯಾರಕರೆಲ್ಲರೂ ನಿರ್ದೋಷಿಗಳೆಂದಲ್ಲ. ೧೯೨೪ರಲ್ಲಿ ಪ್ರಪಂಚದ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟವನ್ನು ಕಟ್ಟಿಕೊಂಡವು. ಬಲ್ಬಿನ ಆಯುಷ್ಯವನ್ನು ಒಂದು ಸಾವಿರ ಗಂಟೆಗೆ ನಿಗದಿಮಾಡಿ, ಮೀರಿ ಬಾಳುವ ಬಲ್ಬನ್ನು ತಯಾರಿಸಿದ ಸದಸ್ಯರಿಗೆ ದಂಡವನ್ನೂ ವಿಧಿಸಿದವು. ಬೆಳಕು ಮತ್ತು ಆಯುಷ್ಯಗಳ ನಡುವಣ ನಿಜವಾದ ವೈಜ್ಞಾನಿಕ ತೊಡಕು ಒಂದು ಕಡೆ, ಮತ್ತೆ ಮತ್ತೆ ಮಾರುವ ವ್ಯಾಪಾರದ ಆಸೆ ಇನ್ನೊಂದು ಕಡೆ. ಒಂದು ಇನ್ನೊಂದರ ಮರೆಯಲ್ಲಿ ಅಡಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ದೀಪದ ನಿಜವಾದ ಬೆಲೆ ಅಂಗಡಿಯಲ್ಲಿ ಕೊಟ್ಟುದಲ್ಲ. ೬೦ ವಾಟ್ ಬಲ್ಬು ಸಾವಿರ ಗಂಟೆಯಲ್ಲಿ ೬೦ ಯೂನಿಟ್ ವಿದ್ಯುತ್ತನ್ನು ನುಂಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿಯೆಂದು ಹಿಡಿದರೆ ೩೬೦ ರೂಪಾಯಿ. ಅಷ್ಟೇ ಬೆಳಕು ಕೊಡುವ ೯ ವಾಟ್ ಎಲ್‌.ಇ.ಡಿ. ದೀಪಕ್ಕೆ ೫೪ ರೂಪಾಯಿ ಸಾಕು. ಇಲ್ಲಿ ಹೆಚ್ಚು ಬೆಲೆ ಕೊಟ್ಟು ಹೊಸದನ್ನು ಕೊಳ್ಳುವುದೇ ಉಳಿತಾಯ. ಆದರೆ ಎಲ್‌.ಇ.ಡಿ. ದೀಪಗಳಲ್ಲಿಯೂ ತರತಮವುಂಟು. ಬೆಳಕು ಕೊಡುವ ಹರಳು ಬಹುಕಾಲ ಬಾಳುತ್ತದೆ. ಅದಕ್ಕೆ ವಿದ್ಯುತ್ತನ್ನು ಹದಮಾಡಿ ಕೊಡುವ ಮಂಡಲದಲ್ಲಿರುವ ಕೆಪಾಸಿಟರು ಶಾಖಕ್ಕೆ ಸಿಕ್ಕಿ ಬೇಗ ಕೆಡುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಶಾಖವನ್ನು ಹೊರಹಾಕುವ ಲೋಹದ ಭಾಗವನ್ನು ಜಿಪುಣತನದಿಂದ ಕಿರಿದುಗೊಳಿಸಿದ ಅಗ್ಗದ ದೀಪ ಬೇಗ ಸಾಯುವುದು ಇದರಿಂದಲೇ.

ದಿನಕ್ಕೆ ನಾಲ್ಕು ಲಕ್ಷ ಪೆಟ್ಟು

ಮೂರನೆಯ ನಿದರ್ಶನ ಅತ್ಯಂತ ಸ್ವಾರಸ್ಯವಾದುದು. ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ ೧೯೫೩ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. 'ಜನತಾ' ಎಂಬ ಕೀಲಿ ಕೊಡುವ ಗಡಿಯಾರ ಲಕ್ಷಾಂತರ ಮಂದಿಯ ಕೈಯನ್ನು ಅಲಂಕರಿಸಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತನಾದ ನೌಕರನಿಗೆ ಕೊಡುವ ಉಡುಗೊರೆಯೆಂದರೆ ಅದೇ. ಅವುಗಳಲ್ಲಿ ಎಷ್ಟೋ ಇಂದಿಗೂ ನಡೆಯುತ್ತಿವೆ.

ಹೀಗೆ ಬಾಳುವುದು ಎಂತಹ ಸಾಧನೆಯೆಂಬುದನ್ನು ಅಂಕಿಗಳಿಂದ ತಿಳಿಯಬಹುದು. ಈ ಗಡಿಯಾರದೊಳಗಿನ ಸಮತೋಲ ಚಕ್ರ ಗಂಟೆಗೆ ೧೮,೦೦೦ ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ, ಆಚೆಗೋ ಈಚೆಗೋ ತೂಗುತ್ತದೆ. ದಿನಕ್ಕೆ ೪,೩೨,೦೦೦ ಪೆಟ್ಟು. ವರ್ಷಕ್ಕೆ ಹದಿನೈದು ಕೋಟಿಗೂ ಮಿಕ್ಕಿ. ಸಾಮಾನ್ಯ ಲೋಹಗಳ ಮೇಲೆ ಲೋಹ ಉಜ್ಜಿದರೆ ಇಷ್ಟು ಚಲನೆಗೆ ರಂಧ್ರಗಳು ಸವೆದು ಚಕ್ರಗಳು ವಾಲಿಬಿಡುತ್ತವೆ. ಆದುದರಿಂದ ಉಕ್ಕಿನ ಸೂಕ್ಷ್ಮವಾದ ಅಚ್ಚುತುದಿಗಳನ್ನು ಮಾಣಿಕ್ಯದ ಬಿಲ್ಲೆಗಳಲ್ಲಿ ಕೂರಿಸುತ್ತಾರೆ. ಗಡಿಯಾರದ ಮೇಲೆ '೧೭ ಜ್ಯೂಯೆಲ್' ಎಂದು ಬರೆದಿರುವುದು ಈ ಕಲ್ಲುಗಳನ್ನು ಕುರಿತೇ ಹೊರತು ಅಲಂಕಾರವನ್ನಲ್ಲ. ಮಾಣಿಕ್ಯವು ಅಲ್ಯೂಮಿನಿಯಂ ಆಕ್ಸೈಡಿನ ಸ್ಫಟಿಕ. ಕಾಠಿನ್ಯದಲ್ಲಿ ವಜ್ರಕ್ಕೆ ಹತ್ತು ಎಂದಿಟ್ಟ ಮಾನದಲ್ಲಿ ಅದಕ್ಕೆ ಒಂಬತ್ತು. ಫ್ರಾನ್ಸಿನ ವೆರ್ನ್ಯೂಯಿ ಎಂಬ ರಸಾಯನಶಾಸ್ತ್ರಜ್ಞನು ಜ್ವಾಲೆಯಲ್ಲಿ ಕೃತಕ ಮಾಣಿಕ್ಯವನ್ನು ಬೆಳೆಸುವ ವಿಧಾನವನ್ನು ೧೯೦೨ರಲ್ಲಿ ಪ್ರಕಟಿಸಿದ ಮೇಲೆ ರಾಜರ ಕಿರೀಟದ ಕಲ್ಲು ಸಾಮಾನ್ಯನ ಮಣಿಕಟ್ಟಿಗೂ ಬಂದಿತು.

ಆದರೂ ಗಡಿಯಾರದ ದೀರ್ಘಾಯುಷ್ಯದ ಗುಟ್ಟು ಕಲ್ಲಿನಲ್ಲಿ ಮಾತ್ರವಿಲ್ಲ. ಅದನ್ನು ಸ್ಕ್ರೂಗಳಿಂದ ಜೋಡಿಸಿರುತ್ತಾರೆ, ಅಂಟಿನಿಂದಲ್ಲ. ಎಣ್ಣೆ ಒಣಗಿದರೆ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬಹುದು. ಸ್ಪ್ರಿಂಗು ಮುರಿದರೆ ಬೇರೊಂದನ್ನು ಹಾಕಬಹುದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪುಟ್ಟ ಮೇಜಿನ ಮುಂದೆ ಕುಳಿತ ಗಡಿಯಾರ ರಿಪೇರಿಯವನೂ ಕಾರ್ಖಾನೆಯಷ್ಟೇ ಅದರ ಆಯುಷ್ಯಕ್ಕೆ ಕಾರಣ.

ಮುಂದೆ ಸ್ಫಟಿಕ ಗಡಿಯಾರಗಳು ಬಂದವು. ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಮೊದಲನೆಯ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಇಂದಿನ ಕ್ವಾರ್ಟ್ಸ್ ಗಡಿಯಾರದ ಹರಳು ಸಾಮಾನ್ಯವಾಗಿ ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುತ್ತದೆ. ಕೀಲಿಯ ಗಡಿಯಾರ ದಿನಕ್ಕೆ ತಪ್ಪುವಷ್ಟು ಸೆಕೆಂಡುಗಳನ್ನು ಇದು ತಿಂಗಳಿಗೆ ತಪ್ಪುತ್ತದೆ. ಬೆಲೆಯೂ ಕ್ರಮೇಣ ಇಳಿಯಿತು. ಸಮಯ ತಿಳಿಯುವುದೊಂದೇ ಉದ್ದೇಶವಾದರೆ ಕೀಲಿಯ ಗಡಿಯಾರಕ್ಕೆ ಹೆಚ್ಚು ಹಣ ಕೊಡಲು ಕಾರಣವುಳಿಯಲಿಲ್ಲ. ೨೦೧೬ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಗಟ್ಟಿಯಾದ ವಸ್ತುವನ್ನು ತಯಾರಿಸಿದವರು ಗಟ್ಟಿಯಾಗಿ ಉಳಿಯುತ್ತಾರೆಂಬ ನಿಯಮವೇನೂ ಇಲ್ಲ. ತಯಾರಕನು ಇಲ್ಲವಾದ ಮೇಲೆ ಬಿಡಿಭಾಗ ದುರ್ಲಭವಾಗುತ್ತದೆ. ಕೆಟ್ಟುಹೋದ ಒಂದು ಗಡಿಯಾರದ ಅಂಗವನ್ನು ಕಿತ್ತು ಇನ್ನೊಂದಕ್ಕೆ ಜೋಡಿಸಬೇಕಾಗುತ್ತದೆ.

ಕೊಳ್ಳುವವರ ಲೆಕ್ಕ

ಈ ಮೂರು ನಿದರ್ಶನಗಳಿಂದ ಒಂದು ಸರಳ ಸೂತ್ರವನ್ನು ಪಡೆಯಬಹುದು. ವಸ್ತುವಿನ ಬೆಲೆ, ಅದನ್ನು ನಡೆಸುವ ಖರ್ಚು, ರಿಪೇರಿಯ ಖರ್ಚು ಇವುಗಳನ್ನು ಕೂಡಿಸಿ, ಅದು ಬಾಳುವ ವರ್ಷಗಳಿಂದ ಭಾಗಿಸಬೇಕು. ನಾನೂರು ರೂಪಾಯಿಯ ಪಾದರಕ್ಷೆ ಎಂಟು ತಿಂಗಳಿಗೆ ಕಿತ್ತುಹೋದರೆ ವರ್ಷಕ್ಕೆ ಆರುನೂರು ರೂಪಾಯಿ ಬಿದ್ದಂತಾಯಿತು. ಸಾವಿರದ ಐನೂರು ರೂಪಾಯಿಯದು ಮೂರು ವರ್ಷ ಬಾಳಿದರೆ ವರ್ಷಕ್ಕೆ ಐನೂರು.

ಸೂತ್ರ ಸರಳ, ಆದರೆ ಎಲ್ಲರಿಗೂ ಸುಲಭವಲ್ಲ. ತಿಂಗಳ ಕೊನೆಯಲ್ಲಿ ಕೈಯಲ್ಲಿ ನಾನೂರೇ ಉಳಿದಿರುವ ಸಂಸಾರ ಸಾವಿರದ ಐನೂರನ್ನು ಎಲ್ಲಿಂದ ತರಬೇಕು? ಬಡವನು ಬುದ್ಧಿಯಿಲ್ಲದೆ ಅಗ್ಗದ್ದನ್ನು ಕೊಳ್ಳುತ್ತಾನೆಂದು ಹೇಳುವುದು ಅನ್ಯಾಯ. ಮೊದಲೇ ಒಟ್ಟಾಗಿ ಕೊಡಲಾರದ ಕಾರಣ ಅವನು ವರ್ಷಕ್ಕೆ ನೂರು ರೂಪಾಯಿ ಹೆಚ್ಚಾಗಿ ತೆರುತ್ತಾನೆ. ಆದುದರಿಂದ ಬಾಳಿಕೆಯ ವಸ್ತು ಕೇವಲ ಕೊಳ್ಳುವವನ ಜಾಣತನದ ಮಾತಲ್ಲ. ಸಮಾಜವೂ ಸರ್ಕಾರವೂ ಗಮನಿಸಬೇಕಾದ ವಿಷಯ. ಭಾರತೀಯ ಮಾನಕ ಸಂಸ್ಥೆ ೧೯೪೭ರಲ್ಲಿ ಹುಟ್ಟಿದುದು, ೧೯೮೭ರಲ್ಲಿ ಅದರ ಸ್ಥಾನಕ್ಕೆ ಭಾರತೀಯ ಮಾನಕ ಬ್ಯೂರೋ ಬಂದುದು ಈ ಹೊಣೆಯ ಒಂದು ಭಾಗ. ಐ.ಎಸ್‌.ಐ. ಮುದ್ರೆ ವಸ್ತು ಸರ್ವೋತ್ತಮವೆಂದು ಹೇಳುವುದಿಲ್ಲ. ಕನಿಷ್ಠ ಗುಣಮಟ್ಟವನ್ನು ಮುಟ್ಟಿದೆಯೆಂದು ಹೇಳುತ್ತದೆ. ಫ್ರಾನ್ಸ್ ದೇಶವು ೨೦೨೧ರಿಂದ ಕೆಲವು ವಿದ್ಯುನ್ಮಾನ ವಸ್ತುಗಳ ಮೇಲೆ ರಿಪೇರಿ ಎಷ್ಟು ಸುಲಭವೆಂಬ ಅಂಕವನ್ನು ನಮೂದಿಸಬೇಕೆಂದು ವಿಧಿಸಿದೆ. ನಮ್ಮ ದೇಶದಲ್ಲಿಯೂ ೨೦೨೨ರಲ್ಲಿ ಗ್ರಾಹಕರ ರಿಪೇರಿಯ ಹಕ್ಕಿಗಾಗಿ ಸರ್ಕಾರ ಒಂದು ಜಾಲತಾಣವನ್ನು ತೆರೆಯಿತು.

ಹೆಚ್ಚು ಬೆಲೆಯ ವಸ್ತುವನ್ನು ಕೊಳ್ಳುವ ಮುನ್ನ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಲಿ. ಈ ವಸ್ತುವಿನಲ್ಲಿ ಮೊದಲು ಸವೆಯುವ ಭಾಗ ಯಾವುದು? ಆ ಭಾಗ ಯಾವ ಪದಾರ್ಥದಿಂದಾಗಿದೆ? ಅದನ್ನು ಬಿಚ್ಚಿ ಬದಲಾಯಿಸಲು ಸಾಧ್ಯವೆ? ಬಿಡಿಭಾಗವೂ ಅದನ್ನು ಜೋಡಿಸಬಲ್ಲ ಕುಶಲಿಯೂ ನಮ್ಮ ಬೀದಿಯ ಸಮೀಪದಲ್ಲಿ ದೊರೆಯುವರೆ? ನಡೆಸಲು ತಗಲುವ ಖರ್ಚೆಷ್ಟು? ಈ ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ದೊರೆತರೆ ಹೆಚ್ಚಿನ ಬೆಲೆಯನ್ನು ಸಂಕೋಚವಿಲ್ಲದೆ ಕೊಡಬಹುದು. ಉತ್ತರವಿಲ್ಲದೆ ಹೊಳಪು ಮತ್ತು ಹೆಸರು ಮಾತ್ರ ಎದುರಿಗಿದ್ದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು. ಒಂದು ವಸ್ತುವನ್ನು ಎರಡು ಪಟ್ಟು ಕಾಲ ಬಳಸಿದರೆ ಅದಕ್ಕಾಗಿ ಅಗೆದ ಅದಿರು, ಸುಟ್ಟ ಕಲ್ಲಿದ್ದಲು, ಕೊನೆಗೆ ಬಿಸಾಡುವ ಕಸ ಎಲ್ಲವೂ ವರ್ಷದ ಲೆಕ್ಕದಲ್ಲಿ ಅರ್ಧಕ್ಕಿಳಿಯುತ್ತವೆ. ನಮ್ಮ ಜೇಬಿನ ಉಳಿತಾಯ ಇಲ್ಲಿ ಭೂಮಿಯ ಉಳಿತಾಯವೂ ಆಗುತ್ತದೆ.