ಡಿಟಿಪಿ ಅಂಗಡಿಯ ಹಳೆಯ ಎಕ್ಸ್‌ಪಿ

ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್ 25ರಂದು. ಅದಕ್ಕಿದ್ದ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ರ ಅವಧಿಯೂ 2020ರ ಜನವರಿ 14ಕ್ಕೆ ತೀರಿತು. ಆದರೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ನಾಟಕದ ಪೋಸ್ಟರ್, ರಸೀದಿ ಪುಸ್ತಕ ಸಿದ್ಧಮಾಡುವ ಕಸುಬಿನವರಿಗೆ ಈ ಹಳೆಯ ವ್ಯವಸ್ಥೆಗಳ ಮೇಲಿನ ಅಕ್ಕರೆ ಸುಲಭಕ್ಕೆ ಬಿಡುವಂಥದ್ದಲ್ಲ.

ಈ ಅಕ್ಕರೆಯ ಮೂಲ ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿದೆ. ಅದರ ಕೊನೆಯ ಆವೃತ್ತಿ 7.0 ಬಂದದ್ದೂ 2001ರಲ್ಲೇ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಆ ಕಾಲದ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ಸಾಗಿಸಿದವು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕ’ ಇರಬೇಕಾದಲ್ಲಿ ದೊಡ್ಡ ‘ಪಿ’, ‘ನ’ ಇರಬೇಕಾದಲ್ಲಿ ಪೌಂಡ್ ಕರೆನ್ಸಿಯ ಚಿಹ್ನೆ, ‘ಡ’ ಇರಬೇಕಾದಲ್ಲಿ ಚಿಕ್ಕ ‘ಕ್ಯೂ’ ಕಾಣುತ್ತವೆ. ತಲೆಕಟ್ಟಿಗೂ ನಕಾರದ ಒತ್ತಿಗೂ ಬೇರೆ ಬೇರೆ ಚಿಹ್ನೆಗಳು. ಹೀಗೆ ವರ್ಷಗಟ್ಟಲೆ ಕೂಡಿಟ್ಟ ಕೆಲಸವೆಲ್ಲ ಆ ಫಾಂಟು, ಆ ತಂತ್ರಾಂಶ, ಅದು ಓಡುವ ವಿಂಡೋಸ್ ಮೂರೂ ಒಟ್ಟಿಗಿದ್ದಾಗ ಮಾತ್ರ ಓದಲು ಸಿಗುತ್ತದೆ.

ಅನಿವಾರ್ಯತೆಯ ಜೊತೆಗೆ ಸುಖವೂ ಇದೆ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ‘ಎಫ್’ ಒತ್ತಿ ಒತ್ತಕ್ಷರ ಮೂಡಿಸುವುದು, ಪೇಜ್‌ಮೇಕರ್‌ನಲ್ಲಿ ಕಂಟ್ರೋಲ್-ಡಿ ಒತ್ತಿ ಚಿತ್ರ ತರಿಸುವುದು ರೂಢಿಯಾದ ಬೆರಳಿಗೆ ಯೋಚನೆಯೇ ಬೇಡ. ಕೀಲಿಮಣೆ ಹೊಸ ವ್ಯವಸ್ಥೆಯಲ್ಲೂ ಸಿಗುತ್ತದೆ. ಪೇಜ್‌ಮೇಕರ್‌ನ ಮೆನು ಸಿಗುವುದಿಲ್ಲ. ಎಕ್ಸ್‌ಪಿಗೆ 128 ಎಂಬಿ ರ‍್ಯಾಮ್ ಸಾಕಿತ್ತು, ವಿಂಡೋಸ್ 11 ಕನಿಷ್ಠ 4 ಜಿಬಿ ಕೇಳುತ್ತದೆ. ಇಂಟರ್‌ನೆಟ್ ಜೋಡಿಸದ ಹಳೆಯ ಯಂತ್ರದಲ್ಲಿ ಕೆಲಸದ ನಡುವೆ ಅಪ್‌ಡೇಟ್ ಬರುವುದಿಲ್ಲ, ಖಾತೆ ತೆರೆಯೆಂಬ ಒತ್ತಾಯವಿಲ್ಲ, ನಿನ್ನೆ ಇದ್ದ ಬಟನ್ ಇವತ್ತೂ ಅಲ್ಲೇ ಇರುತ್ತದೆ. ಮುಹೂರ್ತ ಹತ್ತಿರವಾದ ಲಗ್ನಪತ್ರಿಕೆ ಕೈಯಲ್ಲಿರುವಾಗ ಈ ನಿಶ್ಚಿಂತೆಗೆ ಬೆಲೆ ಕಟ್ಟಲಾಗದು. ಕಾರ್ಬನ್ ಪ್ರತಿ ತೆಗೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹಳೆಯ ಅಗಲ ಪೋರ್ಟ್ ಕೂಡ ಹೆಚ್ಚಾಗಿ ಇಂಥ ಯಂತ್ರಗಳಲ್ಲೇ ಉಳಿದಿದೆ.

ಕೆಲಸವಿಲ್ಲದೆಯೂ ಹಳೆಯ ವ್ಯವಸ್ಥೆಗಳನ್ನು ಮೆಚ್ಚುವವರು ಲೋಕದಲ್ಲೆಲ್ಲ ಇದ್ದಾರೆ. ಎಕ್ಸ್‌ಪಿಯ ಜೊತೆ ಬರುತ್ತಿದ್ದ ಪಿನ್‌ಬಾಲ್ ಆಟ ಮುಂದಿನ ಆವೃತ್ತಿಯಾದ ವಿಸ್ತಾದಲ್ಲಿ ಇಲ್ಲವಾಯಿತು. ಅದಕ್ಕಾಗಿಯೇ ಎಕ್ಸ್‌ಪಿ ಹಾಕಿಕೊಳ್ಳುವವರುಂಟು. ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಬಳಕೆದಾರರಿಗಾಗಿ 1994ರಲ್ಲಿ ಜಿಮ್ ಹಾಲ್ ಆರಂಭಿಸಿದ ಫ್ರೀಡಾಸ್ ಇವತ್ತಿಗೂ ಜೀವಂತವಾಗಿದೆ.

ಅಪಾಯ ಇಲ್ಲವೆಂದಲ್ಲ. ತಿದ್ದುಪಡಿ ನಿಂತ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸಬಾರದು. ಗಿರಾಕಿಗಳು ತರುವ ಪೆನ್‌ಡ್ರೈವ್ ಕೂಡ ವೈರಸ್ಸಿಗೆ ದಾರಿ. ಹೊಸ ಕಂಪ್ಯೂಟರಿನೊಳಗೆ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿ ಅದರಲ್ಲಿ ಎಕ್ಸ್‌ಪಿ ಓಡಿಸುವುದು ಒಂದು ಉಪಾಯ. ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳೂ ಇವೆ. ಆದರೆ ‘ಆಶೀರ್ವಾದ’ದ ಅರ್ಕಾವತ್ತು ಹಳೆಯ ಕಡತದಲ್ಲಿ ‘ವಾ’ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲು ತಪ್ಪಿದರೆ ಪದವೇ ಕೆಡುತ್ತದೆ. ಆದ್ದರಿಂದ ಪರಿವರ್ತಿಸಿದ ಪುಟವನ್ನು ಮೂಲದ ಪಕ್ಕದಲ್ಲಿಟ್ಟು ಒಮ್ಮೆ ಕರಡು ತಿದ್ದಲೇಬೇಕು. ಆ ಮೂಲವನ್ನು ತೆರೆಯಲು ಬೇಕಾದದ್ದು ಹಳೆಯ ವ್ಯವಸ್ಥೆಯೇ.